ಬೆಚ್ಚಗಿನ ಕೈ

ಟಪ್.

ತಗಡಿನ ಎಲೆಯಡಿಕೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಕ್ಕೇಶಪ್ಪ ತಲೆಯೆತ್ತಿ ಮಾಡು ನೋಡಲಿಲ್ಲ. ಸಂಕ್ರಾಂತಿ ಕಳೆದ ವಾರ ಅದು. ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ಬಿಸಿಲು ಇನ್ನೂ ಹೊಸ್ತಿಲು ದಾಟಿರಲಿಲ್ಲ. ಎದುರಿನ ಕಟ್ಟೆಯ ಮೇಲೆ ಹಮಾಲರು ಗೋಣಿಚೀಲ ಹೊದ್ದು ಬೀಡಿ ಸೇದುತ್ತಿದ್ದರು. ಅವನು ಡಬ್ಬಿಯನ್ನು ಮೆಲ್ಲಗೆ ತೊಡೆಯ ಪಕ್ಕಕ್ಕೆ ಸರಿಸಿದ. ಗಲ್ಲದ ತುದಿಯ ಬೆವರು ಈಗ ಗಾದಿಯ ಮೇಲೆ ಸದ್ದಿಲ್ಲದೆ ಬೀಳತೊಡಗಿತು. ಆಮೇಲೆ ಸುತ್ತ ನೋಡಿದ.

ಅಂಗಡಿಯ ಮಾಲೀಕ ಕರಿಬಸವರಾಜ ಗಲ್ಲಾಪೆಟ್ಟಿಗೆಯ ಹಿಂದೆ ಶಾಲು ಹೊದ್ದು ಕೂತು ಬೀದಿ ನೋಡುತ್ತಿದ್ದ. ಹನಿಯ ಸದ್ದು ಕೇಳಿರಬೇಕು. ಕೇಳದವನು ಖಾಲಿ ಬೀದಿಯನ್ನು ಅಷ್ಟು ಗಮನವಿಟ್ಟು ನೋಡುವುದಿಲ್ಲ.

ಬೆವರು ಶುರುವಾಗಿದ್ದು ಹಿಂದಿನ ದೀಪಾವಳಿಯ ಹೊತ್ತಿಗೆ. ಕನ್ನಡ ನಾಡು ಒಂದಾಗಿ ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ. ಬಕ್ಕೇಶಪ್ಪನಿಗೆ ಅರವತ್ತರ ಹತ್ತಿರ. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ರೊಟ್ಟಿ ಮೊದಲಿನಷ್ಟೇ ಸೇರುತ್ತಿತ್ತು. ಆದರೂ ಸುಮ್ಮನೆ ಕೂತಲ್ಲಿ ನೆತ್ತಿಯಿಂದ ಏನೋ ಹರಿದಂತಾಗಿ, ಹಣೆ, ಕುತ್ತಿಗೆ, ಬೆನ್ನು ಎಲ್ಲ ನೆನೆದುಬಿಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಂಗೈ. ಒರೆಸಿದಷ್ಟೂ ಮತ್ತೆ ಜಿನುಗುತ್ತಿತ್ತು, ಒಳಗೆಲ್ಲೋ ಒಂದು ಒರತೆ ಬಾಯಿ ಬಿಟ್ಟ ಹಾಗೆ.

ಬೇರೆ ಯಾರ ಕೈ ಬೆವರಿದ್ದರೂ ಊರಿಗೆ ತಿಳಿಯುತ್ತಿರಲಿಲ್ಲ. ಬಕ್ಕೇಶಪ್ಪ ಹತ್ತಿ ದಲ್ಲಾಳಿ. ಮೀಸೆ ಮೂಡುವ ಮೊದಲೇ ಕರಿಬಸವರಾಜನ ತಂದೆಯ ಕೈಕೆಳಗೆ ಆ ಅಂಗಡಿ ಸೇರಿದವನು. ಸುತ್ತಲ ಹಳ್ಳಿಯ ರೈತರು ಗಾಡಿಯಲ್ಲಿ ಹತ್ತಿ ತಂದು ಅಂಗಡಿ ಮುಂದೆ ಎತ್ತು ಬಿಚ್ಚುತ್ತಿದ್ದರು, ಗಿರಣಿಗಳ ಖರೀದಿದಾರರು ಬಂದು ನೋಡುತ್ತಿದ್ದರು, ನಡುವೆ ನಿಂತು ದರ ಕುದುರಿಸುವುದು ಅವನ ಕೆಲಸ. ದರವನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ತೆಗೆದು ಬಲಗೈ ಮೇಲೆ ಇಳಿಬಿಡುತ್ತಿದ್ದ. ಖರೀದಿದಾರ ಅದರಡಿ ಕೈ ತೂರಿಸುತ್ತಿದ್ದ. ಆ ದಿನದ ಪೇಟೆ ದರ ಎಲ್ಲರಿಗೂ ಗೊತ್ತಿರುವುದೇ. ಅದರ ಮೇಲೆ ಎಷ್ಟು ರೂಪಾಯಿ ಎಂಬುದಷ್ಟೇ ಬೆರಳಿನ ಮಾತು. ಮೂರು ಬೆರಳು ಹಿಡಿದರೆ ಮೂರು, ನಾಲ್ಕು ಹಿಡಿದರೆ ನಾಲ್ಕು, ಇಡೀ ಅಂಗೈ ಹಿಡಿದರೆ ಐದು, ಉಗುರಿನಿಂದ ಗೀರಿದರೆ ಅರ್ಧ. ಮುಖಗಳು ಬೇರೆ ಕಡೆ ತಿರುಗಿಕೊಂಡು ಮೋಡದ ಬಗ್ಗೆ, ಎತ್ತಿನ ಬಗ್ಗೆ ಮಾತಾಡುತ್ತಿದ್ದವು. ವಲ್ಲಿಯ ಕೆಳಗೆ ಎರಡು ಕೈಗಳು ಬೇರೆಯೇ ಮಾತಾಡುತ್ತಿದ್ದವು. ಸಂಶಯ ಬಂದರೆ ಕೈ ಕೊಡವಿ ಮತ್ತೊಮ್ಮೆ ಹಿಡಿಯಬಹುದು. ಆದರೆ ವಲ್ಲಿ ಸರಿದ ಮೇಲೆ ಹಿಡಿದದ್ದೇ ದರ. ಆಮೇಲೆ ಯಾರೂ ಚಕಾರ ಎತ್ತುವಂತಿಲ್ಲ.

ಬಕ್ಕೇಶಪ್ಪನ ಕೈ ಆ ಪೇಟೆಯಲ್ಲಿ ಹೆಸರಾದ ಕೈ. ಒಣಗಿದ ಹಲಗೆಯ ಹಾಗಿತ್ತು. ಹಿಡಿದರೆ ಬೆರಳಿನ ಗೆಣ್ಣು ಗೆಣ್ಣೂ ತಿಳಿಯುತ್ತಿತ್ತು. ರೈತರು "ಬಕ್ಕೇಶಪ್ಪಾರ ಕೈಯಾಗ ಹಾಕೀನಿ" ಎಂದು ಗಾಡಿ ಬಿಟ್ಟು, ಹಿಂತಿರುಗಿಯೂ ನೋಡದೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗುತ್ತಿದ್ದರು. ಅವನಿಗೆ ಹೊಲವಿರಲಿಲ್ಲ, ಸ್ವಂತ ಅಂಗಡಿಯಿರಲಿಲ್ಲ. ಹಾಗೆ ಹಿಂತಿರುಗಿ ನೋಡದೆ ಹೋಗುವ ಬೆನ್ನುಗಳೇ ಅವನ ಗಳಿಕೆ.

ಇನ್ನೊಂದು ಸಂಗತಿಯೂ ಇತ್ತು. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆಲ್ಲ ಅವನೇ ಹೇಳಿಕೊಡುತ್ತಿದ್ದ: "ಕಣ್ಣು ನೋಡಬ್ಯಾಡ, ಕಣ್ಣು ಸುಳ್ಳು ಹೇಳ್ತತೆ. ಹಣೆ ನೋಡು. ವಲ್ಲಿ ಕೆಳಗ ಕೈ ಇಟ್ಟಾಗ ಹಣೆ ಬೆವರಿತು ಅಂದ್ರ ಒಳಗ ಏನೋ ಐತೆ ಅಂತ ತಿಳ್ಕೊ." ಕರಿಬಸವರಾಜನಿಗೂ ಹುಡುಗನಾಗಿದ್ದಾಗ ಇದನ್ನೇ ಕಲಿಸಿದ್ದ. ಈಗ ಪೇಟೆಯ ತುಂಬ ಅವನು ಕಲಿಸಿದ ಕಣ್ಣುಗಳು. ಅವೆಲ್ಲ ತನ್ನ ಹಣೆಯನ್ನೇ ನೋಡುತ್ತಿವೆ ಎಂದು ಅವನಿಗೆ ಅನಿಸುತ್ತಿತ್ತು. ಮಾತಾಡುತ್ತಿದ್ದವರು ತಾನು ಹತ್ತಿರ ಹೋದಾಗ ಸುಮ್ಮನಾದರೆ, ತನ್ನ ಬಗ್ಗೆಯೇ ಆಡುತ್ತಿದ್ದರು. ಸುಮ್ಮನಾಗದೆ ಮಾತು ಮುಂದುವರಿಸಿದರೆ, ಬೇಕೆಂದೇ ಮಾತು ಬದಲಿಸಿದ್ದರು. ಚಹಾದ ಅಂಗಡಿಯವನು ಒಂದು ದಿನ ಅಂಚು ಒಡೆದ ಲೋಟದಲ್ಲಿ ಚಹಾ ಕೊಟ್ಟ. ಬಕ್ಕೇಶಪ್ಪ ಮರುದಿನ ಬೇಕೆಂದೇ ಹೋಗಿ, ಬೇರೆಯವರಿಗೆ ಎಂಥ ಲೋಟ ಕೊಡುತ್ತಾನೆಂದು ನಿಂತು ನೋಡಿದ. ಅಲ್ಲಿ ಎಲ್ಲ ಲೋಟಗಳ ಅಂಚೂ ಒಡೆದಿತ್ತು. ಅದೂ ಅವನಿಗೆ ಸಮಾಧಾನ ಕೊಡಲಿಲ್ಲ.

ಮನೆಯಲ್ಲಿ ಬೇರೆ ತರಹ.

ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಎಡಗೈಯ ಲಿಂಗದ ಸುತ್ತ ನೀರು ತಾನೇ ನಿಲ್ಲುತ್ತಿತ್ತು. "ನಂಗೆ ತಂಬಿಗೆ ನೀರು ಬ್ಯಾಡ ಬಿಡು, ಅಭಿಷೇಕ ಇಲ್ಲೇ ನಡದೈತೆ" ಎಂದು ಒಂದು ಸಲ ನಗಲು ನೋಡಿದ. ಹೆಂಡತಿ ಸರ್ವಮಂಗಳಮ್ಮ ನಗಲಿಲ್ಲ. ಮೂರು ಬೆರಳಿನಿಂದ ಹಣೆಗೆಳೆದ ವಿಭೂತಿ ಅವನು ಪೂಜೆ ಮುಗಿಸಿ ಏಳುವಷ್ಟರಲ್ಲಿ ಕರಗಿ ಹುಬ್ಬಿಗಿಳಿದಿರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದವನು ಅಂಗಿ ಬದಲಿಸುತ್ತಿದ್ದ. ಸಂಜೆ ಇನ್ನೊಂದು. ಹಿತ್ತಲ ತಂತಿಯ ಮೇಲೆ ಬಿಳಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು.

"ಏನ್ರಿ ಸರ್ವಮಂಗಳಮ್ಮ, ಮನ್ಯಾಗ ಬೀಗರು ಬಂದಾರೇನು? ತಂತಿ ತುಂಬ ಗಂಡಸರ ಅಂಗಿ" ಎಂದು ಪಕ್ಕದ ಮನೆಯ ತಿಪ್ಪಮ್ಮ ಗೋಡೆಯ ಆಚೆಯಿಂದ ಕೇಳಿದಳು.

"ಎಲ್ಲ ಇವರವೇ."

"ಒಬ್ಬರಿಗೆ ಇಷ್ಟಾ? ಅದೆಲ್ಲಿಗೆ ಹೋಗಿ ಬರ್ತಾರ ಅಂತ ಕೇಳಿದ್ರ ಒಳ್ಳೇದಲ್ಲೇನು? ಈ ವಯಸ್ಸಿನಾಗ ಗಂಡಸರು ಮೈ ತೊಳಕೊಂಡು ಅಂಗಿ ಬದಲಿಸಾಕ ಹತ್ತಿದ್ರ ನಮ್ಮವ್ವ ಏನಂತಿದ್ಲು ಗೊತ್ತೇನು..."

"ನಿಮ್ಮವ್ವ ಏನರ ಅನ್ಲಿ. ನಿಮ್ಮ ಕೋಳಿ ನಮ್ಮ ಹಿತ್ತಲಾಗ ಬಂದೈತೆ, ಕರ್ಕೊಂಡು ಹೋಗ್ರಿ" ಎಂದು ಸರ್ವಮಂಗಳಮ್ಮ ಒಳಗೆ ಬಂದಳು. ಆದರೆ ಆವತ್ತು ಅಂಗಿ ಮಡಚುವಾಗ ಒಂದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಬಾಗಿಲಲ್ಲಿ ನಿಂತ ಬಕ್ಕೇಶಪ್ಪ ಅದನ್ನು ಕಂಡ. ಇಬ್ಬರೂ ಕಾಣದವರಂತೆ ಇದ್ದುಬಿಟ್ಟರು.

ಕೆಲವು ದಿನ ಕಳೆದು ಅವಳೇ ಕೇಳಿದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ, ಹಂಚಿನ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಏನಾರ ಹೆದರಿಕೆ ಐತೇನ್ರಿ?"

"ಯಾತರ ಹೆದರಿಕೆ?"

"ನಂಗೇನು ಗೊತ್ತು? ಮನುಷ್ಯಾರು ಸುಮ್ಮನೆ ಬೆವರಲ್ಲ. ಏನಾರ ಮಾಡೀರಿ, ಇಲ್ಲ ಯಾರೋ ಏನೋ ಮಾಡ್ಯಾರ. ಯಾವುದಾದ್ರೂ ಹೇಳ್ರಿ. ನಾನು ಯಾರಿಗೂ ಹೇಳಲ್ಲ."

ಅವನು ಏನೂ ಇಲ್ಲವೆಂದ. ಹಾಗೆನ್ನುವಾಗಲೇ ಕುತ್ತಿಗೆಯಿಂದ ಬೆವರು ಎದೆಗಿಳಿಯಿತು. ಅವಳು ತಿರುಗಿ ನೋಡಿದಳು, ಮತ್ತೆ ಹಂಚಿನ ಕಡೆ ತಿರುಗಿದಳು. ಬಡಿತ ಮಾತ್ರ ಸ್ವಲ್ಪ ಜೋರಾಯಿತು.

ಆವತ್ತೇ ಅವನು ಡಾಕ್ಟರ ಹತ್ತಿರ ಹೋಗುವುದೆಂದು ನಿಶ್ಚಯಿಸಿದ. ದಾವಣಗೆರೆಯಲ್ಲಿ ಡಾಕ್ಟರುಗಳಿದ್ದರು. ಆದರೆ ಇಲ್ಲಿನ ದವಾಖಾನೆಯ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನದೊಳಗೆ ಮಂಡಿಪೇಟೆಗೆ ಸುದ್ದಿ ಮುಟ್ಟುತ್ತದೆ. ಹರಿಹರದಲ್ಲಿ ಯಾರೂ ಕೇಳುವುದಿಲ್ಲ. ಕರಿಬಸವರಾಜನಿಗೆ "ಆನಗೋಡಿನ ಕಡೆ ಹೋಗಿ ಹತ್ತಿ ನೋಡ್ಕೊಂಡು ಬರ್ತೀನಿ" ಎಂದು ಹೇಳಿದ. ಹೆಂಡತಿಗೂ ಅದನ್ನೇ ಹೇಳಿದ. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದ.

ಹರಿಹರದ ಡಾಕ್ಟರು ಮಧ್ಯವಯಸ್ಸಿನವರು, ಅವಸರವಿಲ್ಲದ ಮನುಷ್ಯ. ಎದೆಗೆ ಕೊಳವೆ ಇಟ್ಟು ಕೇಳಿದರು. ಕುತ್ತಿಗೆ ಮುಟ್ಟಿ ಗಂಟಿದೆಯೇ ನೋಡಿದರು. ಮೂತ್ರವನ್ನು ನೀಲಿ ನೀರಿನಲ್ಲಿ ಕುದಿಸಿ ಬಣ್ಣ ನೋಡಿದರು. ತೂಕ ಇಳಿದಿದೆಯೇ, ಸಂಜೆ ಜ್ವರ ಬರುತ್ತದೆಯೇ, ಕಫದಲ್ಲಿ ರಕ್ತ ಕಂಡಿದೆಯೇ ಎಂದೆಲ್ಲ ಕೇಳಿದರು. ಇಲ್ಲ, ಇಲ್ಲ, ಇಲ್ಲ.

"ಕ್ಷಯ ಅಲ್ಲ, ಸಕ್ಕರೆ ಕಾಯಿಲೆ ಅಲ್ಲ. ಹೃದಯ ಗಟ್ಟಿಯಾಗಿದೆ" ಎಂದರು. "ಕೆಲವರಿಗೆ ವಯಸ್ಸಾದ ಮೇಲೆ ಹೀಗಾಗುವುದುಂಟು. ಯಾಕೆ ಅಂತ ನನಗೆ ತಿಳಿಯದು. ಏನಾದರೂ ಚಿಂತೆ? ಹೆದರಿಕೆ?"

ಬಕ್ಕೇಶಪ್ಪನಿಗೆ ಅಲ್ಲಿಂದ ಎದ್ದುಬಿಡಬೇಕೆನಿಸಿತು. ಇಷ್ಟು ದೂರ ರೈಲು ಹತ್ತಿ ಬಂದರೂ ಅದೇ ಪ್ರಶ್ನೆ ಎದುರಿಗೆ ಕೂತಿತ್ತು. "ಇಲ್ಲ ಸ್ವಾಮಿ" ಎಂದ. ಡಾಕ್ಟರು ಅವನ ಹಣೆ ನೋಡಿದರು. ನಂಬಲಿಲ್ಲ ಎಂದು ಅವನಿಗೆ ಅನಿಸಿತು.

ದವಾಖಾನೆಯಿಂದ ಅವನು ಹೊಳೆಗೆ ಹೋದ. ತುಂಗಭದ್ರೆ ಆಗ ತೆಳ್ಳಗೆ ಹರಿಯುತ್ತಿದ್ದಳು. ಕಲ್ಲಿನ ಮೇಲೆ ಅಂಗಿ ತೆಗೆದಿಟ್ಟು ಕುತ್ತಿಗೆಯವರೆಗೆ ನೀರಿಗಿಳಿದ. ಸುತ್ತ ಜನ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ನೀರೊಳಗೆ ಎಲ್ಲರ ಮೈಯೂ ಒದ್ದೆಯೇ. ಯಾರೂ ಯಾರ ಹಣೆಯನ್ನೂ ನೋಡುತ್ತಿರಲಿಲ್ಲ. ದೀಪಾವಳಿಯಿಂದೀಚೆಗೆ ಮೊದಲ ಸಲ ಅವನ ಭುಜ ಸಡಿಲವಾಯಿತು. ಹೊಳೆಯಿಂದ ಮೇಲೆ ಬಂದು ಒಣಗಿದ ವಲ್ಲಿಯಿಂದ ಮೈ ಒರೆಸಿಕೊಂಡ. ಒರೆಸಿದ ಜಾಗ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಒಣಗಿಯೇ ಇತ್ತು. ಅವನು ಅದನ್ನು ನೋಡುತ್ತ ಕೂತ, ಬೇರೊಬ್ಬರ ತೋಳನ್ನು ನೋಡುವ ಹಾಗೆ. ರೈಲಿನ ಹೊತ್ತು ಮೀರಿತು.

ರಸ್ತೆಗೆ ಬಂದು ಬಸ್ಸಿಗೆ ನಿಂತಾಗ ಒಂದು ಲಾರಿ ಪಕ್ಕಕ್ಕೆ ಬಂದು ನಿಂತಿತು. ಒಳಗೆ ಕೆಂಚವೀರಪ್ಪ. ಗುತ್ತೂರಿನ ಹತ್ತಿರದ ಒಂದು ಹತ್ತಿ ಗಿರಣಿಯ ಖರೀದಿದಾರ. ವಾರಕ್ಕೊಮ್ಮೆಯಾದರೂ ಮಂಡಿಪೇಟೆಯಲ್ಲಿ ಬಕ್ಕೇಶಪ್ಪನ ಬೆರಳು ಹಿಡಿಯುವವನು.

"ಏನ್ರಿ ಬಕ್ಕೇಶಪ್ಪಾರೆ, ನಮ್ಮೂರಾಗ? ಹತ್ರಿ, ಹತ್ರಿ. ಹತ್ತಿಕಾಳು ಇಳಿಸಾಕ ದಾವಣಗೆರೆಗೇ ಹೊಂಟೀವಿ."

ಇಲ್ಲವೆನ್ನಲು ಕಾರಣ ಸಿಗಲಿಲ್ಲ. ದಾರಿಯಲ್ಲಿ ಕೆಂಚವೀರಪ್ಪ ಅವನು ಬಂದ ಕೆಲಸ ಏನೆಂದು ಕೇಳಲಿಲ್ಲ. ಕೇಳದಿದ್ದುದೇ ಬಕ್ಕೇಶಪ್ಪನಿಗೆ ಸಂಶಯವಾಯಿತು. ಮಂಡಿಪೇಟೆಯ ತಿರುವಿನಲ್ಲಿ ಲಾರಿ ನಿಂತಾಗ ಅವನು ಬೇಗ ಬೇಗ ಇಳಿದ. ಇಳಿದವನ ಎದುರಿಗೇ ಕರಿಬಸವರಾಜನ ಅಂಗಡಿಯ ಕಟ್ಟೆ. ಕಟ್ಟೆಯ ಮೇಲೆ ಆನಗೋಡಿನ ಹನುಮಂತಪ್ಪ ಕೂತಿದ್ದ. ತನ್ನ ಹತ್ತಿ ಬಿಡಿಸಿ ಆಗಿದೆ, ಸೋಮವಾರ ತರುತ್ತೇನೆ ಎಂದು ಹೇಳಲು ಬೆಳಿಗ್ಗೆಯೇ ಬಂದಿದ್ದನಂತೆ.

"ನೀವು ನಮ್ಮೂರಿಗೆ ಹೋಗೀರಿ ಅಂತ ಸಾವ್ಕಾರ್ರು ಹೇಳಿದ್ರು" ಎಂದ ಹನುಮಂತಪ್ಪ, ಲಾರಿಯನ್ನೂ ಅದರೊಳಗಿನ ಕೆಂಚವೀರಪ್ಪನನ್ನೂ ನೋಡುತ್ತ. "ನಮ್ಮೂರು ಯಾವಾಗ ಹರಿಹರದ ದಾರ್ಯಾಗ ಬಂತ್ರಿ?"

ಕಟ್ಟೆಯ ಮೇಲಿದ್ದವರು ನಕ್ಕರು. ಬಕ್ಕೇಶಪ್ಪನೂ ನಗಬೇಕಾಗಿತ್ತು. ಬದಲಿಗೆ ಬೆವೆತ.

ಸೋಮವಾರ ಹನುಮಂತಪ್ಪ ಹತ್ತಿ ತಂದ. ಒಳ್ಳೆಯ ಹತ್ತಿ, ಕಸವಿರಲಿಲ್ಲ, ಎಳೆ ಉದ್ದವಿತ್ತು. ನೋಡಲು ಬಂದವನು ಕೆಂಚವೀರಪ್ಪನೇ. ಆವತ್ತು ಹನುಮಂತಪ್ಪ ಮಂಡಕ್ಕಿ ತಿನ್ನಲು ಹೋಗಲಿಲ್ಲ. ಗಾಡಿಯ ಮೂಕಿಯ ಮೇಲೆ ಕೂತ. ಬಕ್ಕೇಶಪ್ಪನಿಗೆ ಅದು ತಿಳಿಯಿತು.

ಕೈ ಒಣಗಿರಲೆಂದು ಅವನು ಬೆಳಿಗ್ಗೆ ಒಂದು ಉಪಾಯ ಮಾಡಿಕೊಂಡಿದ್ದ. ಜೇಬಿನಲ್ಲಿ ವಿಭೂತಿಯ ಪುಡಿ ಇಟ್ಟುಕೊಂಡಿದ್ದ. ಗೋಡೆಯ ಕಡೆ ತಿರುಗಿ ಎರಡೂ ಅಂಗೈಗೆ ಚೆನ್ನಾಗಿ ತಿಕ್ಕಿಕೊಂಡ. ಹೆಗಲ ವಲ್ಲಿ ಇಳಿಬಿಟ್ಟ. ಕೆಂಚವೀರಪ್ಪನ ಕೈ ಒಳಗೆ ಬಂತು. ಮಾತು ಎರಡು ಮೂರು ಸಲ ಹಿಂದೆ ಮುಂದೆ ಹೋಯಿತು. ಎರಡು ಬೆರಳು. ಇಲ್ಲ, ಐದು. ಎರಡೂವರೆ. ಕೊನೆಗೆ ಬಕ್ಕೇಶಪ್ಪ ನಾಲ್ಕು ಬೆರಳು ಕೂಡಿಸಿ ಹಿಡಿದ.

ಅಷ್ಟರಲ್ಲಿ ವಿಭೂತಿ ಬೆವರಿನಲ್ಲಿ ನೆನೆದು ಕೆಸರಾಗಿತ್ತು. ಹಿಡಿದ ನಾಲ್ಕರಲ್ಲಿ ಕಿರುಬೆರಳು ಮೀನಿನಂತೆ ನುಣುಚಿ ಹೊರಗೆ ಹೋಯಿತು. ಹೋದದ್ದು ಅವನಿಗೆ ತಿಳಿಯಿತು. ಕೊಡವಿ ಮತ್ತೊಮ್ಮೆ ಹಿಡಿಯಬೇಕಿತ್ತು. ಆದರೆ ಮತ್ತೊಮ್ಮೆ ಹಿಡಿದರೆ ಆ ಕೆಸರು ಕೈ ಇನ್ನಷ್ಟು ಹೊತ್ತು ಇನ್ನೊಬ್ಬನ ಕೈಯೊಳಗಿರಬೇಕು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಜಾರುವ ಮೊದಲೇ ಎಣಿಕೆ ಮುಟ್ಟಿರಬಹುದು ಎಂದುಕೊಂಡ. ಕೆಂಚವೀರಪ್ಪ ತಲೆಯಾಡಿಸಿದ. ವಲ್ಲಿ ಸರಿಯಿತು.

ಕೆಂಚವೀರಪ್ಪ ತನ್ನ ಕೈ ನೋಡಿಕೊಂಡ. ಅದರ ತುಂಬ ಬೂದಿಯ ಬಿಳಿ. ಧೋತರಕ್ಕೆ ಒರೆಸಿಕೊಳ್ಳುತ್ತ ತಮಾಷೆಗೆಂದೇ ದೊಡ್ಡ ದನಿಯಲ್ಲಿ ಹೇಳಿದ: "ಏನಪ್ಪ ಇದು, ಬಕ್ಕೇಶಪ್ಪಾರ ಕೈ ಇವತ್ತು ಬಾಳ ಬೆಚ್ಚಗೈತಲ್ಲ."

ಮೈ ಬೆಚ್ಚಗಿದ್ದರೆ ಆರೋಗ್ಯ, ಮನೆ ಬೆಚ್ಚಗಿದ್ದರೆ ಸುಖ. ಆದರೆ ಮಂಡಿಪೇಟೆಯಲ್ಲಿ ಕೈ ಬೆಚ್ಚಗಾಯಿತೆಂದರೆ ಒಂದೇ ಅರ್ಥ. ಅದರೊಳಗೆ ಯಾರೋ ಏನೋ ಇಟ್ಟಿದ್ದಾರೆ. ಹಮಾಲರು ಹೋ ಎಂದು ನಕ್ಕರು. ಕೆಂಚವೀರಪ್ಪನಿಗೆ ಆಮೇಲೆ ಹೊಳೆದಿರಬೇಕು, ನಾಲಿಗೆ ಕಚ್ಚಿಕೊಂಡು, "ಛೇ, ನಾನು ಹಂಗಂದಿದ್ದಲ್ಲ" ಎಂದ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಗಾಡಿಯ ಮೂಕಿಯ ಮೇಲಿದ್ದ ಹನುಮಂತಪ್ಪ ನಗಲಿಲ್ಲ.

ಹತ್ತಿ ತೂಗಿ ಆಯಿತು. ಲೆಕ್ಕ ಹೇಳುವಾಗ ಪೇಟೆ ದರದ ಮೇಲೆ ಮೂರು ಎಂದು ಬಂತು.

"ನಾಲ್ಕು ಹಿಡಿದಿದ್ದೆ" ಎಂದ ಬಕ್ಕೇಶಪ್ಪ.

"ನನ್ನ ಕೈಗೆ ಬಂದಿದ್ದು ಮೂರು ರೀ" ಎಂದ ಕೆಂಚವೀರಪ್ಪ. "ದೇವರಾಣೆ ಮೂರು. ವಲ್ಲಿ ತೆಗೆದವರು ನೀವೇ."

ಅದು ನಿಜ. ವಲ್ಲಿ ತೆಗೆದವನು ತಾನೇ. ಬಕ್ಕೇಶಪ್ಪ ಕೆಂಚವೀರಪ್ಪನ ಮುಖ ನೋಡಿದ. ಇವನಿಗೂ ಬೆರಳು ಜಾರಿದ್ದು ತಿಳಿದಿತ್ತೆ? ತಿಳಿದೂ ಅಷ್ಟು ಬೇಗ ತಲೆಯಾಡಿಸಿದನೆ? ಹಣೆ ನೋಡಿದ. ಒಣಗಿತ್ತು. ತಾನೇ ಕಲಿಸಿದ ಪಾಠದ ಪ್ರಕಾರ ಈ ಮನುಷ್ಯ ಸತ್ಯವಂತ.

ಹನುಮಂತಪ್ಪ ಜಗಳ ತೆಗೆಯಲಿಲ್ಲ. ಬಕ್ಕೇಶಪ್ಪನ ಹತ್ತಿರ ಬಂದು, ಮುಖದಲ್ಲಿ ಏನೋ ಹುಡುಕುವವನಂತೆ ನೋಡಿ, "ಚಳಿ ಐತಲ್ರಿ ಇವತ್ತು" ಎಂದಷ್ಟೇ ಹೇಳಿ ಗಾಡಿ ಹೂಡಿದ.

ಆ ವಾರ ಯಾವ ರೈತನೂ ಬಕ್ಕೇಶಪ್ಪನನ್ನು ಕರೆಯಲಿಲ್ಲ. ಗಾಡಿಗಳು ಬಂದವು. ಕರಿಬಸವರಾಜನೇ ಎದ್ದು ಹೋಗಿ ವಲ್ಲಿ ಇಳಿಬಿಟ್ಟ. "ನೀವು ಕೂಡ್ರಿ ಕಾಕಾ, ದಣಿದೀರಿ" ಎನ್ನುತ್ತಿದ್ದ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸುದ್ದಿ ಮನೆಯನ್ನೂ ತಲುಪಿತ್ತು. ತಿಪ್ಪಮ್ಮನ ಗೋಡೆಯ ಮೇಲಿಂದಲೇ ಬಂದಿರಬೇಕು. ಊಟಕ್ಕೆ ಬಡಿಸಿ, ಎದುರಿಗೆ ಕೂತು ಸರ್ವಮಂಗಳಮ್ಮ ಕೇಳಿದಳು:

"ಹರಿಹರಕ್ಕ ಹೋಗಿದ್ರಂತೆ."

"ಹೂಂ."

"ನಂಗೆ ಆನಗೋಡು ಅಂದಿದ್ರಿ."

"ಡಾಕ್ಟರಿಗೆ ತೋರಿಸಾಕ ಹೋಗಿದ್ದೆ. ಇದಕ್ಕ." ಅವನು ಅಂಗೈ ಚಾಚಿದ.

"ಏನಂದ್ರು?"

"ಏನೂ ಇಲ್ಲ ಅಂದ್ರು."

ಅವಳು ಚಾಚಿದ ಅಂಗೈಯನ್ನೇ ನೋಡಿದಳು. ಏನೂ ಇಲ್ಲ ಎಂಬ ಮಾತನ್ನು ಹೇಳಿಸಿಕೊಂಡು ಬರಲು ಒಬ್ಬ ಮನುಷ್ಯ ಕದ್ದು ರೈಲು ಹತ್ತುತ್ತಾನೆಯೇ ಎಂದು ತೂಗಿ ನೋಡುತ್ತಿದ್ದಳೇನೋ. ಕೊನೆಗೆ, "ನನ್ನ ಯಾಕ ಕರ್ಕೊಂಡು ಹೋಗಲಿಲ್ಲ?" ಎಂದಳು.

ಅವನು ಚಾಚಿದ ಕೈ ಹಿಂದೆಳೆದುಕೊಂಡ. ಎಲ್ಲರಿಂದ ಮುಚ್ಚಿಡುವಾಗ ಅವಳಿಂದಲೂ ಮುಚ್ಚಿಟ್ಟಿದ್ದ. ಅವಳನ್ನು ಉಳಿದವರಿಂದ ಬೇರೆ ಮಾಡಿ ನೋಡಬೇಕೆಂದು ಹೊಳೆದಿರಲಿಲ್ಲ. ಅವಳು ಎದ್ದು ತನ್ನ ಸೆರಗಿನಿಂದ ಅವನ ಕುತ್ತಿಗೆ ಒರೆಸಿದಳು. ಆ ಕೈಯಲ್ಲಿ ಪ್ರೀತಿಯಿತ್ತು, ನಂಬಿಕೆಯಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬೆರಳು ಹಿಡಿದು ತಿಳಿಯುವ ವಿದ್ಯೆಗೆ ಅಲ್ಲಿ ದಾರಿಯಿರಲಿಲ್ಲ.

ಮರುದಿನ ಮಧ್ಯಾಹ್ನ ಕರಿಬಸವರಾಜ ಅವನನ್ನು ಒಳಗಿನ ಗಾದಿಗೆ ಕರೆದ. ಅಲ್ಲಿ ಹನುಮಂತಪ್ಪ ಆಗಲೇ ಕೂತಿದ್ದ. ಹೊರಗೆ ಹಮಾಲರ ಮಾತು ನಿಂತಿತ್ತು.

"ಕೂಡ್ರಿ ಕಾಕಾ. ಹನುಮಂತಪ್ಪನ್ನ ನಾನೇ ಕರೆಸಿದೆ. ಒಳಗ ಇಟ್ಕೊಂಡು ಅಡ್ಡಾಡೋದು ಬ್ಯಾಡ ಅಂತ."

"ನಂಗೂ ಜಗಳ ಬ್ಯಾಡ್ರಿ" ಎಂದ ಹನುಮಂತಪ್ಪ. "ನಮ್ಮಪ್ಪನ ಕಾಲದಿಂದ ಇವರ ಕೈಯಾಗ ಹಾಕೀವಿ. ಒಂದು ಮಾತು ಹೇಳ್ಲಿ ಸಾಕು. ನಮ್ಮೂರಿಗೆ ಅಂತ ಹೇಳಿ ಹರಿಹರಕ್ಕ ಯಾಕ ಹೋದ್ರು?"

"ಡಾಕ್ಟರ ಹತ್ರ ಹೋಗಿದ್ದೆ."

"ದಾವಣಗೆರ್ಯಾಗ ಡಾಕ್ಟರಿಲ್ಲೇನ್ರಿ?"

"ಅದಾರ. ಇಲ್ಲಿ ಹೋದ್ರ ನೀವೆಲ್ಲ ನೋಡ್ತಿದ್ರಿ."

"ನೋಡಿದ್ರ ಏನಾಗ್ತಿತ್ತು?"

ಬಕ್ಕೇಶಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ, "ಆವತ್ತು ಕೈ ಜಾರಿತಪ್ಪ" ಎಂದ. "ನಾಲ್ಕೇ ಹಿಡಿದಿದ್ದೆ. ಬೆವರಿಗೆ ಒಂದು ಬೆರಳು ಜಾರಿತು. ನಿನ್ನ ನಷ್ಟ ನನ್ನ ದಲಾಲ್ಯಾಗ ಕಟ್ಟಿಕೊಡ್ತೀನಿ."

ಹನುಮಂತಪ್ಪ ಕರಿಬಸವರಾಜನ ಕಡೆ ನೋಡಿದ. "ತಪ್ಪಿಲ್ಲದವರು ಯಾಕ ಕಟ್ಟಿಕೊಡ್ತಾರ್ರಿ?"

"ಜಾರಿದ್ರ ಮತ್ತೊಮ್ಮೆ ಹಿಡೀಬೇಕು" ಎಂದ ಕರಿಬಸವರಾಜ ಮೆಲ್ಲಗೆ. "ನೀವೇ ನಂಗೆ ಕಲಿಸಿದ್ದು ಕಾಕಾ."

"ನಾಚಿಕೆ ಆತು."

"ಯಾರಿಗೆ?"

"ನಂಗೆ. ಒದ್ದೆ ಕೈ. ಮತ್ತೊಮ್ಮೆ ಹಿಡಿಯಾಕ ನಾಚಿಕೆ ಆತು."

ಹನುಮಂತಪ್ಪ ನಕ್ಕುಬಿಟ್ಟ. ಅವನಿಗೆ ನಗುವ ಮನಸ್ಸಿರಲಿಲ್ಲ, ತಡೆಯಲಾಗಲಿಲ್ಲ. "ಧಾರೆ ಎರಿಸಿಕೊಳ್ಳೋ ಮದುಮಗಳೇನ್ರಿ ನೀವು, ಕೈ ಹಿಡಿಯಾಕ ನಾಚಾಕ? ತಲಿ ಹಣ್ಣಾಗೋತನ ಮಂದಿ ಕೈ ಹಿಡಿದೀರಿ." ಹೊರಗಿನಿಂದಲೂ ಯಾರೋ ನಕ್ಕರು.

ಕರಿಬಸವರಾಜ ಕೈಯೆತ್ತಿ ಸುಮ್ಮನಿರಿಸಿದ. ಹತ್ತಿರ ಸರಿದು ಕೂತು, ಮಗುವಿಗೆ ಹೇಳುವ ದನಿಯಲ್ಲಿ ಹೇಳಿದ:

"ನೋಡ್ರಿ ಕಾಕಾ, ಇದನ್ನ ಯಾರೂ ನಂಬಲ್ಲ. ನಾನೂ ನಂಬಲ್ಲ ಅಂದ್ರ ಸಿಟ್ಟಾಗಬ್ಯಾಡ್ರಿ. ಕೈ ಜಾರಿತು ಅಂದ್ರ ನಾಳಿಂದ ಒಂದು ಗಾಡಿನೂ ನಮ್ಮ ಅಂಗಡಿ ಮುಂದ ನಿಲ್ಲಲ್ಲ. ರೊಕ್ಕದ ಆಸೆಗೆ ಬಿದ್ದೆ, ತಪ್ಪಾತು ಅಂತ ಹನುಮಂತಪ್ಪಗ ಒಂದು ಮಾತು ಹೇಳಿಬಿಡ್ರಿ. ಆಸೆ ಯಾರಿಗಿಲ್ಲ? ಮಂದಿ ಅದನ್ನ ಕ್ಷಮಿಸ್ತಾರ. ಅವನೂ ಒಪ್ಯಾನ. ಬರೋ ಸೋಮವಾರದಿಂದ ಮೊದಲಿನಂಗೆ ನೀವೇ ವಲ್ಲಿ ಹಿಡೀರಿ."

ಅದರಲ್ಲಿ ಕಪಟವಿರಲಿಲ್ಲ. ಬಕ್ಕೇಶಪ್ಪ ಮೊದಲ ಸಲ ಅವನ ಮುಖವನ್ನು ಸಂಶಯವಿಲ್ಲದೆ ನೋಡಿದ. ಹುಡುಗ ನಿಜವಾಗಿಯೂ ತನ್ನನ್ನು ಉಳಿಸಿಕೊಳ್ಳಲು ನೋಡುತ್ತಿದ್ದ. 'ತಪ್ಪಾತು' ಎಂಬುದು ಎಷ್ಟು ಸಣ್ಣ ಮಾತು. ಅದು ನಾಲಿಗೆಯ ತುದಿಗೆ ಬಂದೂ ಬಂತು. ಸೋಮವಾರ ಕಣ್ಣ ಮುಂದೆ ಬಂತು: ಗಾಡಿಗಳು, ಹತ್ತಿಯ ಬಿಳಿ ದೂಳು, ಹೆಗಲಿನಿಂದ ಇಳಿಯುವ ವಲ್ಲಿ. ಹತ್ತಿ ತಂದ ರೈತರೂ ಕಂಡರು. ಅವರಲ್ಲಿ ಒಬ್ಬನೂ ಮಂಡಕ್ಕಿ ತಿನ್ನಲು ಹೋಗಿರಲಿಲ್ಲ. ಎಲ್ಲರೂ ಮೂಕಿಯ ಮೇಲೆ ಕೂತು, ಕ್ಷಮಿಸಿದ ಕಣ್ಣುಗಳಿಂದ ಅವನ ಕೈಯನ್ನೇ ನೋಡುತ್ತಿದ್ದರು.

ಕಳ್ಳನ ಕೈಯಾದರೆ ಇವರಿಗೆ ನಡೆಯುತ್ತದೆ. ಬೆವೆತ ಕೈ ನಡೆಯುವುದಿಲ್ಲ.

"ಹೇಳ್ರಿ ಮತ್ತೆ" ಎಂದ ಹನುಮಂತಪ್ಪ. ಅವನ ದನಿಯೂ ಮೆತ್ತಗಾಗಿತ್ತು. "ಹೇಳಿದ್ರ ಮುಗೀತು, ನಾನು ಮತ್ತ ಆ ಮಾತು ಎತ್ತಲ್ಲ. ನೋಡ್ರಿ ಸಾವ್ಕಾರ್ರೆ, ಹೆಂಗೆ ಬೆವರಾಕ ಹತ್ಯಾರ. ಒಳಗ ಐತೆ, ಬಾಯಿಗೆ ಬರವಲ್ದು."

"ಗಡಿಬಿಡಿ ಮಾಡಬ್ಯಾಡ ನೀನು. ಕಾಕಾ, ನೀರು ತರಿಸ್ಲೇನು?"

ಬಕ್ಕೇಶಪ್ಪ ಎದ್ದು ನಿಂತ. ಹಣೆಯಿಂದ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಹನುಮಂತಪ್ಪನ ಕಾಲು ತುಳಿಯದಂತೆ ಗಾದಿಯಿಂದ ಇಳಿದು ಚಪ್ಪಲಿ ಮೆಟ್ಟಿದ.

"ಕಾಕಾ, ಎಲ್ಲಿಗೆ? ಇನ್ನೂ ಮಾತು ಮುಗಿದಿಲ್ಲ. ಯಾರೂ ನಿಮಗ ಕಳ್ಳ ಅಂದಿಲ್ಲ. ಆಸೆ ಅನ್ನೋದು ಮನುಷ್ಯರಿಗೆ ಬರೋದೇ, ನಮ್ಮಪ್ಪಗೂ ಒಂದು ಸಲ ಹಿಂಗೇ..."

ಬಕ್ಕೇಶಪ್ಪ ಹಮಾಲರ ನಡುವೆ ದಾಟಿ ಬೀದಿಗಿಳಿದ. ಒಳಗೆ ಕರಿಬಸವರಾಜ ತನ್ನ ತಂದೆಯ ಆ ಕಥೆಯನ್ನು ಇನ್ನೂ ಹೇಳುತ್ತಲೇ ಇದ್ದ.